ಕೊಳೆತ ಜೇಡ್ ಗಿಡ, ಹೆಂಚಿನ ಚೂರು ಮತ್ತು ಒಂದು ಮಳೆಗಾಲ

ಬುಡವನ್ನು ಒತ್ತಿ ನೋಡಿದರೆ ಹೆಬ್ಬೆರಳು ಒಳಗೆ ಇಳಿಯಿತು. 2024ರ ಜುಲೈ 11, ಗುರುವಾರ. ಮೂರು ದಿನದಿಂದ ಬಿಡದೆ ಹೊಯ್ಯುತ್ತಿದ್ದ ಮಳೆ ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಅಂಗಳದಂಚಿನ ಕುಂಡಗಳನ್ನು ನೋಡೋಣವೆಂದು ಹೋದವಳಿಗೆ ಜೇಡ್ ಗಿಡದ ಕೆಳಗೆ ಹತ್ತಾರು ಎಲೆಗಳು ಉದುರಿ ಬಿದ್ದಿರುವುದು ಕಂಡಿತು. ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ನೀರಾಗುವಂತಿದ್ದವು. ಕಾಂಡ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಒತ್ತಿದಾಗಲೇ ಗೊತ್ತಾದದ್ದು, ತೊಗಟೆಯ ಒಳಗೆ ಬರೀ ಗಂಜಿ.

ಆ ಗಿಡ ನನ್ನದಲ್ಲ, ಮೈಸೂರಿನ ಚಿಕ್ಕಮ್ಮನದು. 2009ರಲ್ಲಿ ಗೇಣುದ್ದದ ಒಂದು ತುಂಡಿನಿಂದ ಬೆಳೆಸಿದ್ದು. ಹದಿನೈದು ವರ್ಷ ಅವಳ ತಾರಸಿಯ ಮೇಲೆ ಸಿಮೆಂಟಿನ ಕುಂಡದಲ್ಲಿ ನಿಂತಿತ್ತು. ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ, ಎತ್ತರ 62 ಸೆಂಟಿಮೀಟರ್. ಮೇ ತಿಂಗಳಲ್ಲಿ ಅವಳು ಮಗನ ಫ್ಲ್ಯಾಟಿಗೆ ಹೋಗುವಾಗ ಬಾಲ್ಕನಿ ಇಲ್ಲವೆಂದು ಅದನ್ನು ಮಲೆನಾಡಿನ ಸಾಗರ ಪಟ್ಟಣದ ಬಳಿಯ ನಮ್ಮ ಮನೆಗೆ ಕಳುಹಿಸಿದಳು. ಎರಡೇ ತಿಂಗಳಲ್ಲಿ ನಾನು ಅದನ್ನು ಈ ಸ್ಥಿತಿಗೆ ತಂದಿದ್ದೆ. ಮುಂದಿನ ಒಂದು ವರ್ಷ ಅದನ್ನು ಉಳಿಸಲು ಮಾಡಿದ ಕೆಲಸದ ದಾಖಲೆ ಇದು. ನನ್ನ ನೋಟ್‌ಬುಕ್ಕಿನಲ್ಲಿದ್ದ ತಾರೀಕು ಮತ್ತು ಅಳತೆಗಳನ್ನೇ ಇಲ್ಲಿ ಬಳಸಿದ್ದೇನೆ. ಮಳೆ ಹೆಚ್ಚಿರುವ ಊರಿನಲ್ಲಿ ಜೇಡ್ ಸಾಕುತ್ತಿರುವವರಿಗೆ ಇದರಿಂದ ಉಪಯೋಗವಾದೀತು.

ಮೊದಲು ತಪ್ಪು ಎಲ್ಲಾಯಿತು ಎಂದು ಹೇಳಬೇಕು. ನನ್ನ ಬಳಿ ಮೊದಲಿನಿಂದಲೂ ಒಂದು 'ಜೇಡ್' ಇತ್ತು. ನರ್ಸರಿಯಲ್ಲಿ ಆ ಹೆಸರಿನಲ್ಲೇ ಕೊಂಡದ್ದು. ನಾಲ್ಕು ಮಳೆಗಾಲವನ್ನು ಅಂಗಳದಲ್ಲೇ ಕಳೆದು, ಒಂದಷ್ಟು ಎಲೆ ಉದುರಿಸಿಕೊಂಡರೂ ಗಟ್ಟಿಯಾಗಿ ಉಳಿದಿತ್ತು. ಜೇಡ್ ಎಂದರೆ ಮಳೆಗೆ ಜಗ್ಗದ ಗಿಡ ಎಂದು ನಾನು ನಂಬಿದ್ದು ಅದರಿಂದಲೇ. ಆದರೆ ಅದು ಜೇಡ್ ಅಲ್ಲ, ಪೋರ್ಚುಲಕೇರಿಯಾ ಆಫ್ರಾ. ದಕ್ಷಿಣ ಆಫ್ರಿಕಾದಲ್ಲಿ ಅದನ್ನು ಸ್ಪೆಕ್‌ಬೂಮ್ ಎನ್ನುತ್ತಾರೆ, ಅಲ್ಲಿನ ಆಡೋ ಕಾಡಿನ ಆನೆಗಳಿಗೆ ಅದು ಮೇವು. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವುದು, ಬೋನ್ಸಾಯ್ ಮಾಡುವವರು ಜೇಡ್ ಎಂದು ಕರೆಯುವುದು ಬಹಳ ಸಲ ಇದನ್ನೇ. ಚಿಕ್ಕಮ್ಮನದು ನಿಜವಾದ ಜೇಡ್, ಕ್ರಾಸುಲಾ ಓವೇಟಾ. ಎರಡರ ತವರೂ ಆಫ್ರಿಕಾದ ದಕ್ಷಿಣ ಭಾಗವೇ, ಎರಡಕ್ಕೂ ದಪ್ಪ ಎಲೆ. ಆದರೆ ಕುಟುಂಬ ಬೇರೆ, ಸ್ವಭಾವ ಬೇರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಪೋರ್ಚುಲಕೇರಿಯಾದ ಎಲೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗುವುದು ಅಪರೂಪ, ಎಳೆಯ ಕಾಂಡ ಕೆಂಪು ಮಿಶ್ರಿತ ಕಂದು, ಕಡ್ಡಿಯಂತೆ ತೆಳು. ಕ್ರಾಸುಲಾದ ಎಲೆ ಎರಡು ಮೂರು ಪಟ್ಟು ದೊಡ್ಡದು, ಬಿಸಿಲಿಗೆ ಅಂಚು ಕೆಂಪಾಗುತ್ತದೆ. ಕಾಂಡ ಬಾಳೆದಿಂಡಿನಂತೆ ರಸ ತುಂಬಿದ್ದು, ಹಳೆಯ ಎಲೆಗಳು ಉದುರಿದ ಜಾಗದಲ್ಲಿ ಸುತ್ತಲೂ ಬಳೆಯಂಥ ಗುರುತು ಉಳಿಯುತ್ತದೆ. ಈ ಬಳೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಇವೇ ಗಿಡವನ್ನು ಉಳಿಸಿದವು.

ಕುಂಡದಿಂದ ಗಿಡವನ್ನು ಕಿತ್ತಾಗ ಬೇರಿನ ಮುದ್ದೆ ಹಾಗೆಯೇ ಕುಂಡದಲ್ಲಿ ಉಳಿದು, ಕಾಂಡ ಮಾತ್ರ ಕೈಗೆ ಬಂತು. ಮಣ್ಣು ಕೆಸರಿನ ವಾಸನೆ ಹೊಡೆಯುತ್ತಿತ್ತು. ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನಾನೇ ಮೇ ತಿಂಗಳಲ್ಲಿ ತುಂಬಿದ್ದು; ಮೈಸೂರಿನ ಹಳೆಯ ಮರಳು ಮಣ್ಣು 'ಸತ್ವವಿಲ್ಲದ್ದು' ಎಂದು ತೆಗೆದು ಹಾಕಿದ್ದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರುಕಟ್ಟಿ ಸತ್ತ ಬೇರಿನ ಮೂಲಕ ಶಿಲೀಂಧ್ರ ಮತ್ತು ಅದರಂಥ ಜೀವಿಗಳು ಕಾಂಡಕ್ಕೆ ಏರುತ್ತವೆ. ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೊಳೆರೋಗವೂ ಇಂಥದೇ ತೇವದ ಸಂತಾನ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ವರದಿ ಬರೆದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರು.

ಮನೆಯಲ್ಲಿ ಮೈಲುತುತ್ತವೂ ಇತ್ತು, ಸುಣ್ಣವೂ ಇತ್ತು. ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು ಬಳಿಯಲೇ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಬಳಿಯಲಿಲ್ಲ. ಅದೂ ನೀರಿನಲ್ಲಿ ಕಲಸಿದ್ದೇ ತಾನೆ? ಈ ಗಿಡಕ್ಕೆ ಆಗ ಬೇಕಾಗಿದ್ದದ್ದು ಮದ್ದಲ್ಲ, ಒಣಗಾಳಿ.

ಕೊಯ್ಯುವ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಹರಿತವಾದ ತೆಳು ಚಾಕು, ಒಂದು ಬಾಟಲಿ ಸರ್ಜಿಕಲ್ ಸ್ಪಿರಿಟ್, ಹತ್ತಿ. ಬುಡದಿಂದ ಎರಡು ಸೆಂಟಿಮೀಟರ್ ಮೇಲೆ ಮೊದಲ ಕೊಯ್ತ. ಇಡೀ ಅಡ್ಡಕೊಯ್ತವೇ ಕಂದು. ಇನ್ನೆರಡು ಸೆಂಟಿಮೀಟರ್ ಮೇಲೆ ಮತ್ತೆ ಕೊಯ್ದೆ. ನಡುವೆ ಹಸಿರು, ಸುತ್ತ ಕಂದು ಉಂಗುರ. ಹಲವರು ಮೋಸಹೋಗುವುದು ಇಲ್ಲಿಯೇ. ಮುಕ್ಕಾಲು ಭಾಗ ಚೆನ್ನಾಗಿದೆಯಲ್ಲ, ಸಾಕು ಎನ್ನಿಸುತ್ತದೆ. ಆದರೆ ಆ ಉಂಗುರ ನೀರು ಸಾಗಿಸುವ ನಾಳಗಳ ಸಾಲು. ಕೊಳೆ ಮೇಲಕ್ಕೆ ಏರುವುದೂ ಅದರಲ್ಲೇ. ಸಾಸಿವೆಯಷ್ಟು ಕಂದು ಚುಕ್ಕೆ ಉಳಿದರೂ ಹದಿನೈದು ದಿನದಲ್ಲಿ ಉಳಿದದ್ದೆಲ್ಲ ಹೋಗುತ್ತದೆ. ಪ್ರತಿ ಕೊಯ್ತದ ನಡುವೆ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಬೇಕು, ಇಲ್ಲದಿದ್ದರೆ ನಾವೇ ರೋಗವನ್ನು ಆರೋಗ್ಯದ ಭಾಗಕ್ಕೆ ಹಚ್ಚಿದಂತೆ. ಐದನೆಯ ಕೊಯ್ತದಲ್ಲಿ, ಬುಡದಿಂದ 9 ಸೆಂಟಿಮೀಟರ್ ಮೇಲೆ, ಸೌತೆಕಾಯಿ ಹೆಚ್ಚಿದಂತೆ ಶುದ್ಧ ಹಸಿರು ಕಂಡಿತು. ಅಲ್ಲಿಗೆ ನಿಲ್ಲಿಸಿದೆ.

ಬೇರಿಲ್ಲದ ಗಿಡ ಅಷ್ಟೊಂದು ಕೊಂಬೆಗಳನ್ನು ಹೊತ್ತು ಬದುಕಲಾರದು. ಹಾಗಾಗಿ ಕೊಂಬೆಗಳನ್ನೂ ಬೇರ್ಪಡಿಸಿದೆ. ಕೊನೆಗೆ ಚಾಪೆಯ ಮೇಲೆ ಉಳಿದದ್ದು: ಎಲೆಯೇ ಇಲ್ಲದ 21 ಸೆಂಟಿಮೀಟರ್ ಉದ್ದದ ಬೋಳು ಕಾಂಡ, ಬೆರಳು ದಪ್ಪದಿಂದ ಹಿಡಿದು ಮೂರು ಸೆಂಟಿಮೀಟರ್ ದಪ್ಪದವರೆಗಿನ 11 ಕೊಂಬೆ, ಮತ್ತು ಬುಡ ಹರಿಯದಂತೆ ಮೆಲ್ಲಗೆ ಪಕ್ಕಕ್ಕೆ ಬಾಗಿಸಿ ಬಿಡಿಸಿದ 40 ಎಲೆ. ಬೋಳು ಕಾಂಡದ ಮೇಲುತುದಿಗೆ ಕೆಂಪು ದಾರ ಕಟ್ಟಿದೆ. ಎಲೆ ಇಲ್ಲದ ಮೇಲೆ ತಲೆ ಯಾವುದು ಬುಡ ಯಾವುದು ಮರೆತುಹೋಗುತ್ತದೆ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ.

ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಎಷ್ಟು ದಿನಕ್ಕೊಮ್ಮೆ ಹಾಕುತ್ತಿದ್ದೆ ಪುಟ್ಟಿ?" ಎಂದಳು. ಮಳೆ ಬರುತ್ತಿತ್ತಲ್ಲ ಚಿಕ್ಕಮ್ಮ, ನಾನು ಹಾಕುತ್ತಿರಲಿಲ್ಲ ಎಂದೆ. "ಮಳೆ ಹಾಕಿದರೂ ನೀನು ಹಾಕಿದ ಹಾಗೆಯೇ. ನಾನು ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ಇಟ್ಟು ಮರೆತುಬಿಡುತ್ತಿದ್ದೆ." ಈ ಮಾತನ್ನು ಮೇ ತಿಂಗಳಲ್ಲೇ ನಾನು ಕೇಳಿ ತಿಳಿದುಕೊಳ್ಳಬೇಕಿತ್ತು.

ಇನ್ನು ಒಣಗಿಸುವುದು. ಕೊಯ್ದ ಗಾಯದ ಮೇಲೆ ತೊಗಲಿನಂಥ ಪೊರೆ ಕಟ್ಟುವವರೆಗೆ ಮಣ್ಣಿಗೆ ತಾಗಿಸಬಾರದು. ಒಣ ಹವೆಯಲ್ಲಿ ಒಂದು ವಾರ ಸಾಕು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಹಪ್ಪಳವೇ ಮೆತ್ತಗಾಗುವಾಗ ಗಿಡದ ಗಾಯ ಒಣಗುವುದೆಲ್ಲಿ? ಜಗಲಿಯಲ್ಲಿ ಇಟ್ಟ ಕೊಂಬೆಗಳ ತುದಿಗೆ ಮೂರನೆಯ ದಿನ ಬಿಳಿ ಬೂಸ್ಟು ಕಂಡಿತು. ಸ್ಪಿರಿಟ್‌ನಿಂದ ಒರೆಸಿ, ಎಲ್ಲವನ್ನೂ ಬಿದಿರು ಬುಟ್ಟಿಯಲ್ಲಿ ಹರವಿ ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ ಕೋಣೆಗೆ ಸಾಗಿಸಿದೆ. ಮಳೆಗಾಲದಲ್ಲಿ ಆ ಒಲೆ ಆರುವುದೇ ಇಲ್ಲ. ಕೈಯಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು ದೂರ, ಹೊಗೆ ನೇರವಾಗಿ ತಾಗದ ಮೂಲೆ. ಅರೆಗತ್ತಲೆಯಲ್ಲಿ ಇಷ್ಟು ದಿನ ಇರಬಹುದೇ ಎಂಬ ಅಳುಕಿತ್ತು. ಏನೂ ಆಗಲಿಲ್ಲ. ಕೊಂಬೆಗಳು 16 ದಿನದಲ್ಲಿ, ಅಂದರೆ ಜುಲೈ 27ಕ್ಕೆ, ಗಾಯ ಮಾಗಿಸಿಕೊಂಡವು. ಬೋಳು ಕಾಂಡಕ್ಕೆ ಆಗಸ್ಟ್ 7ರವರೆಗೆ, ಒಟ್ಟು 27 ದಿನ ಬೇಕಾಯಿತು. ಉಗುರಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯಂಥ ಸದ್ದು ಬಂದರೆ ಸರಿ ಎಂದು ನಾನು ಲೆಕ್ಕ ಇಟ್ಟುಕೊಂಡೆ.

ಇಷ್ಟು ದಿನ ನೀರಿಲ್ಲದೆ ಅವು ತಡೆದುಕೊಂಡದ್ದು ಹೇಗೆ ಎಂಬುದಕ್ಕೆ ಉತ್ತರ ನಮ್ಮ ಪಾಗಾರದ ಮೇಲೇ ಬೆಳೆದಿತ್ತು. ಕಾಡುಬಸಳೆ ಜೇಡ್‌ನ ದಾಯಾದಿ, ಅದೇ ಕ್ರಾಸುಲೇಸೀ ಕುಟುಂಬ. ಎಲೆಯ ಅಂಚಿನಲ್ಲೇ ಮರಿ ಹುಟ್ಟಿಸುವ ಗಿಡವೆಂದು ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಅದರ ಎಲೆಯ ಚೂರನ್ನು ನಾಲಿಗೆಗೆ ತಾಗಿಸಿ ಉಗುಳಿದರೆ ಹುಳಿ, ಸಂಜೆಯ ಹೊತ್ತಿಗೆ ಹುಳಿ ಮಾಯ. ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ ಕಾಡುಬಸಳೆಯ ಈ ರುಚಿಯ ಬದಲಾವಣೆಯನ್ನು ಗಮನಿಸಿ ಪತ್ರ ಬರೆದರು. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ತಿಳಿದದ್ದು ಬಹಳ ಆಮೇಲೆ. ಈ ಗಿಡಗಳು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಬಾಗಿಲು ಮುಚ್ಚಿಕೊಂಡೇ ಅದರಿಂದ ಆಹಾರ ತಯಾರಿಸುತ್ತವೆ. ಹೊರಗೆ ಹೋಗುವ ನೀರು ಬಹಳ ಕಡಿಮೆ. ಪೋರ್ಚುಲಕೇರಿಯಾ ಇನ್ನೂ ಚತುರ ಗಿಡ. ನೀರು ಸಿಕ್ಕಾಗ ಬೇರೆ ಗಿಡಗಳಂತೆ ಹಗಲಿನ ಕ್ರಮಕ್ಕೆ, ಬರ ಬಂದಾಗ ರಾತ್ರಿಯ ಕ್ರಮಕ್ಕೆ ಬದಲಾಗಬಲ್ಲದು. (ಕಾಡುಬಸಳೆ ದನಗಳಿಗೆ ವಿಷ, ಕೊಟ್ಟಿಗೆ ಇರುವವರು ಅದನ್ನು ಹುಲ್ಲಿನ ಜೊತೆ ಸೇರದಂತೆ ನೋಡಿಕೊಳ್ಳಬೇಕು.)

ಕೊಂಬೆಗಳು ಒಣಗುತ್ತಿರುವಾಗ ಮಣ್ಣಿನ ಕೆಲಸಕ್ಕೆ ಕೈಹಾಕಿದೆ. ಸಕ್ಯುಲೆಂಟ್, ಅಂದರೆ ಇಂಥ ರಸ ತುಂಬಿದ ಗಿಡ ಬೆಳೆಸುವವರು ಪ್ಯೂಮಿಸ್, ಪರ್ಲೈಟ್ ಎಂದೆಲ್ಲ ಹಗುರವಾದ, ರಂಧ್ರಗಳಿರುವ ಹರಳುಗಳನ್ನು ತರಿಸುತ್ತಾರೆ. ನಮ್ಮ ಹಿತ್ತಲಿನಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ರಾಶಿ ಬಿದ್ದಿತ್ತು: ಮಾಡು ಬದಲಿಸಿದಾಗ ಇಳಿಸಿದ ಮಂಗಳೂರು ಹೆಂಚಿನ ಒಡಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಈ ಹೆಂಚು, ಸುಟ್ಟ ಜೇಡಿಮಣ್ಣು. ಪ್ರತಿ ಚೂರಿನ ಒಳಗೂ ಸೂಕ್ಷ್ಮ ರಂಧ್ರಗಳಿದ್ದು ತುಸು ನೀರು ಹಿಡಿದಿಡುತ್ತದೆ, ಚೂರುಗಳ ನಡುವಿನ ಸಂದು ಗಾಳಿಗೆ ಬಿಡುತ್ತದೆ. ವರ್ಷಗಟ್ಟಲೆ ಮಳೆಯಲ್ಲಿ ತೊಳೆದುಹೋದ ಹಳೆಯ ಹೆಂಚಾದರೆ ಇನ್ನೂ ಒಳ್ಳೆಯದು.

ಗೋಣಿಚೀಲದೊಳಗೆ ಹೆಂಚು ಹಾಕಿ, ಬಾಯಿ ಕಟ್ಟಿ, ಸುತ್ತಿಗೆಯಿಂದ ಜಜ್ಜಿದೆ. ಚೀಲವಿಲ್ಲದಿದ್ದರೆ ಚೂರು ಕಣ್ಣಿಗೆ ಹಾರುತ್ತದೆ, ಧೂಳು ಮೂಗಿಗೆ ಹೋಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ನಂತರ ಎರಡು ಜರಡಿ. ಮರಳು ಸೋಸುವ ದೊಡ್ಡ ಕಣ್ಣಿನ ಜರಡಿಯಲ್ಲಿ ಉಳಿದದ್ದು ಮತ್ತೆ ಸುತ್ತಿಗೆಗೆ. ಹಿಟ್ಟಿನ ಜರಡಿಯಲ್ಲಿ ಕೆಳಗೆ ಬಿದ್ದ ಪುಡಿಯೆಲ್ಲ ಹೊರಕ್ಕೆ. ನಡುವೆ ಉಳಿದ, ತೊಗರಿಬೇಳೆಯಿಂದ ಕಡಲೆಕಾಳಿನವರೆಗಿನ ಗಾತ್ರದ್ದೇ ನಮಗೆ ಬೇಕಾದದ್ದು. ಪುಡಿಯನ್ನು ಬಿಡಲು ಮನಸ್ಸು ಬರುವುದಿಲ್ಲ, ಆದರೂ ಬಿಡಲೇಬೇಕು. ಸಂದುಗಳಲ್ಲಿ ಕುಳಿತು ಮತ್ತೆ ಕೆಸರು ಮಾಡುವುದು ಅದೇ. ಎರಡು ಸಲ ನೀರಿನಲ್ಲಿ ಜಾಲಿಸಿದೆ. ಮೂರು ಮಧ್ಯಾಹ್ನ ಜಜ್ಜಿ ಸಿಕ್ಕಿದ್ದು ಎರಡು ಬಕೆಟ್.

ಬೆರೆಸಿದ ಲೆಕ್ಕ ಇದು: ಹೆಂಚಿನ ಚೂರು ಮೂರು ಪಾಲು, ದಪ್ಪ ಹೊಳೆಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಒಲೆಯ ಇದ್ದಿಲ ಚೂರು ಅರ್ಧ ಪಾಲು. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಹಳೆಯ ಕೆಂಪು ಮಣ್ಣನ್ನೂ ಹೊಸ ಮಿಶ್ರಣವನ್ನೂ ಒಂದೇ ಅಳತೆಯ ಕುಂಡದಲ್ಲಿ ತುಂಬಿ ಒಂದೊಂದು ಲೀಟರ್ ನೀರು ಸುರಿದೆ. ಕೆಂಪು ಮಣ್ಣಿನಲ್ಲಿ ನೀರು ಪೂರ್ತಿ ಇಂಗಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಹೆಂಚಿನ ಮಿಶ್ರಣದಲ್ಲಿ ಸುರಿಯುತ್ತಿರುವಾಗಲೇ ಕೆಳಗೆ ಸೋರಿತು.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕುವ ರೂಢಿ ನಮ್ಮಲ್ಲಿ ಬಹಳ. ನಾನೂ ಹಾಕಿದ್ದೆ, ಗಿಡ ಉಳಿಯಲಿಲ್ಲ. ನುಣ್ಣನೆಯ ಮಣ್ಣಿನಲ್ಲಿರುವ ನೀರು ಕೆಳಗಿನ ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ಮಡುಗಟ್ಟಿದ ಮೇಲಷ್ಟೇ ಇಳಿಯುತ್ತದೆ. ಒದ್ದೆ ಸ್ಪಂಜನ್ನು ಜಲ್ಲಿಯ ಮೇಲಿಟ್ಟರೆ ಅದು ತಾನಾಗಿ ಬರಿದಾಗದು, ಹಾಗೆಯೇ. ಪದರ ಹಾಕಿದಷ್ಟೂ ಕೆಸರಿನ ಮಟ್ಟ ಬೇರಿಗೆ ಹತ್ತಿರವಾಗುತ್ತದೆ. ಈ ಸಲ ರಂಧ್ರದ ಮೇಲೆ ಸೊಳ್ಳೆ ಜಾಲರಿಯ ತುಂಡು ಮಾತ್ರ ಇಟ್ಟು, ಮೇಲಿಂದ ಕೆಳಗಿನವರೆಗೆ ಒಂದೇ ಮಿಶ್ರಣ ತುಂಬಿದೆ. ಕುಂಡಗಳು ಆರು ಇಂಚಿನ ಮಣ್ಣಿನವು, ಬಣ್ಣ ಬಳಿಯದವು.

ಜುಲೈ 28ರಂದು ಕೊಂಬೆಗಳನ್ನು ಒಣ ಮಿಶ್ರಣದಲ್ಲೇ ನೆಟ್ಟೆ. ಮೊದಲ ನೀರು ಆಗಸ್ಟ್ 8ಕ್ಕೆ, ಅದೂ ಅರ್ಧ ಲೋಟ. ಎರಡು ಕೊಂಬೆಗಳಿಗೆ ಮಾತ್ರ, ಎಲೆ ಸುಕ್ಕುಗಟ್ಟಿದ್ದು ನೋಡಲಾರದೆ, ನೆಟ್ಟ ದಿನವೇ ನೀರು ಹಾಕಿದ್ದೆ. ಆ ಎರಡೂ ಕೊಳೆತವು. ಇನ್ನೊಂದು, ನಾನು ಕಂದು ಚುಕ್ಕೆಯನ್ನು ಸರಿಯಾಗಿ ನೋಡದೆ ಬಿಟ್ಟದ್ದು, ಅದೂ ಹೋಯಿತು. ಉಳಿದ ಎಂಟು ಬೇರೂರಿದವು. ಸುಕ್ಕು ಎಂದರೆ ಬಾಯಾರಿಕೆ, ಅದಕ್ಕೆ ಹೆದರಬೇಕಿಲ್ಲ. ಎಲೆ ತೆಳುವಾಗಿ ಮಡಚುವಂತಾದರೂ ಹಸಿರಾಗಿಯೇ ಇರುತ್ತದೆ. ಹಳದಿಯಾಗಿ, ಪಾರದರ್ಶಕವಾಗಿ, ಮೆತ್ತಗಾದರೆ ಅದು ಕೊಳೆ. ಬೇರಿಲ್ಲದ ಕೊಂಬೆಗೆ ಸುಕ್ಕು ಬಂದಾಗ ನೀರು ಹಾಕಿದರೆ ಕುಡಿಯಲು ಬಾಯಿಯೇ ಇರುವುದಿಲ್ಲ.

ಎಲೆಗಳ ಕತೆ ಚಿಕ್ಕದು. ತಟ್ಟೆಯಲ್ಲಿ ಹೆಂಚಿನ ಚೂರು ಹರವಿ ಮೇಲೆ ಸುಮ್ಮನೆ ಇಟ್ಟೆ. ಮೊದಲು ಗುಲಾಬಿ ಬಣ್ಣದ ಎಳೆಬೇರು, ಆಮೇಲೆ ಎಳ್ಳುಕಾಳಿನಷ್ಟು ಗಿಡ, ಕೊನೆಗೆ ತಾಯಿ ಎಲೆ ಬತ್ತಿ ಕಾಗದವಾಗುತ್ತದೆ. 40ರಲ್ಲಿ 19 ಗಿಡವಾದವು.

ಮಳೆಯಿಂದ ಕಾಪಾಡುವ ಮಾಡನ್ನು ಆಗಸ್ಟ್ ಮೊದಲ ವಾರ ಕಟ್ಟಿದ್ದು. ಕೆಂಪುಕಲ್ಲನ್ನು ಎರಡೆರಡು ಸಾಲು ಪೇರಿಸಿ, ಮೇಲೆ ಅಡಿಕೆ ದಬ್ಬೆಗಳನ್ನು ಬೆರಳಗಲದ ಸಂದು ಬಿಟ್ಟು ಹಾಸಿದೆ. ಕುಂಡದಿಂದ ಸೋರಿದ್ದು ಅಲ್ಲಿ ನಿಲ್ಲುವುದಿಲ್ಲ. ನಾಲ್ಕು ಅಡಿಕೆ ಮರದ ಗೂಟ, ಮುಂದಿನವು ಐದೂವರೆ ಅಡಿ, ಹಿಂದಿನವು ನಾಲ್ಕೂವರೆ ಅಡಿ, ಮೇಲೆ ಆರು ಅಡಿಗೆ ಮೂರು ಅಡಿಯ ಪಾರದರ್ಶಕ ಫೈಬರ್ ತಗಡು. ನೆರಳಿನ ಮೂಲೆ ಹುಡುಕುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಮೋಡದ ದಿನಗಳಲ್ಲಿ ಸಿಗುವ ಅಷ್ಟಿಷ್ಟು ಬೆಳಕನ್ನೂ ಕಳೆದುಕೊಂಡರೆ ಗಿಡ ಸೊರಗಿ ಉದ್ದಕ್ಕೆ ಎಳೆಯುತ್ತದೆ. ಕಟ್ಟಿದ ಮೂರನೆಯ ದಿನವೇ ಪಶ್ಚಿಮದ ಎರಚಲು ಎಲ್ಲ ಕುಂಡಗಳನ್ನೂ ತೋಯಿಸಿತು. ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದೆ. ಉಳಿದ ಮೂರು ಬದಿ ತೆರೆದೇ ಇದೆ. ಗಾಳಿಯಾಡದಿದ್ದರೆ ಮಾಡು ಕಟ್ಟಿ ಏನು ಪ್ರಯೋಜನ?

ನೀರು ಹಾಕುವ ವಿಷಯದಲ್ಲಿ ನನ್ನ ಕಣ್ಣನ್ನು ನಾನು ನಂಬುವುದನ್ನು ಬಿಟ್ಟೆ. ಹೆಂಚಿನ ಚೂರು ಮೇಲೆ ಒಣಗಿ ಒಳಗೆ ಒದ್ದೆಯಿರುತ್ತದೆ. ಅಡುಗೆಮನೆಯ ತಕ್ಕಡಿ ತಂದು ಒಂದು ಕುಂಡವನ್ನು ತೂಗಿದೆ: ಪೂರ್ತಿ ಒಣಗಿದಾಗ 2 ಕಿಲೋ 450 ಗ್ರಾಂ, ನೀರು ಹಾಕಿ ಸೋರಿದ ಮೇಲೆ 2 ಕಿಲೋ 880 ಗ್ರಾಂ. ತೂಕ ಮತ್ತೆ 2 ಕಿಲೋ 450ಕ್ಕೆ ಇಳಿದ ಮೇಲೆ ಇನ್ನೂ ಮೂರು ದಿನ ಕಾಯುವುದು, ಆಮೇಲೆ ನೀರು. ಆಗಸ್ಟ್‌ನಲ್ಲಿ ಹಾಗೆ ಇಳಿಯಲು 19 ದಿನ ಹಿಡಿಯಿತು, ಮಾರ್ಚ್‌ನಲ್ಲಿ ಐದೇ ದಿನ. 'ವಾರಕ್ಕೊಮ್ಮೆ ನೀರು' ಎಂಬ ಸಲಹೆ ಎಷ್ಟು ಗಿಡಗಳನ್ನು ಕೊಂದಿರಬಹುದು ಎಂದು ಆ ಎರಡು ಅಂಕಿ ನೋಡಿದಾಗ ಅನ್ನಿಸಿತು.

ಇನ್ನು ಆ ಬೋಳು ಕಾಂಡ. ಆಗಸ್ಟ್ 8ರಂದು ಕೆಂಪು ದಾರ ಮೇಲೆ ಬರುವಂತೆ ಐದು ಸೆಂಟಿಮೀಟರ್ ಆಳಕ್ಕೆ ನೆಟ್ಟು, ಅಲ್ಲಾಡದಂತೆ ಎರಡು ಬಿದಿರು ಕಡ್ಡಿಗೆ ಕಟ್ಟಿದೆ. ಎಲೆ ಇಲ್ಲ, ಬೇರು ಇಲ್ಲ. ಕಾಂಡದಲ್ಲಿ ಉಳಿದಿರುವ ರಸವೇ ಬಂಡವಾಳ. ಸೆಪ್ಟೆಂಬರ್‌ನಲ್ಲಿ ತೊಗಟೆ ಉದ್ದುದ್ದಕ್ಕೆ ಸುಕ್ಕುಗಟ್ಟಿತು. ಮನೆಯವರು ಅದನ್ನು ಒಲೆಗೆ ಹಾಕು ಎಂದರು. ಸೆಪ್ಟೆಂಬರ್ 22ರಂದು ಮೆಲ್ಲಗೆ ಅಲ್ಲಾಡಿಸಿದರೆ ಅದು ತಿರುಗಲಿಲ್ಲ, ಹಿಡಿದುಕೊಂಡಿತ್ತು. ಅವತ್ತು ಮೊದಲ ಸಲ ಒಂದು ಲೋಟ ನೀರು ಹಾಕಿದೆ. ಎಂಟು ದಿನದಲ್ಲಿ ಸುಕ್ಕು ತುಂಬಿಕೊಂಡಿತು, ಆದರೆ ಚಿಗುರಿನ ಸುಳಿವಿಲ್ಲ. ಅಕ್ಟೋಬರ್ ಹಾಗೆಯೇ ಕಳೆಯಿತು.

ನವೆಂಬರ್ 19ರ ಬೆಳಿಗ್ಗೆ ಮೇಲಿನಿಂದ ಎರಡನೆಯ ಬಳೆಯ ಗುರುತಿನಲ್ಲಿ, ಎದುರುಬದುರಾಗಿ, ಸಾಸಿವೆಯಷ್ಟು ಎರಡು ಹಸಿರು ಮೊಗ್ಗು ಕಂಡವು. ಹಿಂದೆ ಎಲೆಗಳಿದ್ದ ಜಾಗದಲ್ಲಿ ಮಲಗಿದ್ದ ಕಣ್ಣುಗಳು ಅವು. ಡಿಸೆಂಬರ್ ಮುಗಿಯುವಷ್ಟರಲ್ಲಿ ಐದು ಬಳೆಗಳಿಂದ ಒಂಬತ್ತು ಚಿಗುರು ಬಂದವು. ನಾಲ್ಕನ್ನು ಉಳಿಸಿಕೊಂಡು ಮಿಕ್ಕವನ್ನು ಚಿವುಟಿದೆ, ಬರುವ ಕೊಂಬೆಗಳು ಒಂದಕ್ಕೊಂದು ಅಡ್ಡ ಬಾರದಿರಲೆಂದು.

ಫೆಬ್ರವರಿಯಲ್ಲಿ ಚಿಗುರಿನ ಸಂದಿಗೆ ಹಿಟ್ಟು ತಿಗಣೆ ಬಂತು, ಇರುವೆಗಳೇ ಹೊತ್ತು ತಂದದ್ದು. ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದನ್ನೇ ಒರೆಸಿ ತೆಗೆದೆ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮೆಲಥಿಯಾನ್ ಕೀಟನಾಶಕ ಹೊಡೆಯಿರಿ ಎಂದು ಅಂಗಡಿಯಲ್ಲಿ ಹೇಳಿದರು. ಜೇಡ್ ಕುಟುಂಬದ ಗಿಡಗಳಿಗೆ ಅದು ಆಗಿಬರುವುದಿಲ್ಲ, ಎಲೆಯನ್ನೇ ಸುಡುತ್ತದೆ.

ಏಪ್ರಿಲ್‌ನಲ್ಲಿ ಚಿಕ್ಕಮ್ಮ ಬಂದಿದ್ದಳು. ಎಂಟು ಕೊಂಬೆಗಳಲ್ಲಿ ಒಂದನ್ನು ಮಗನ ಫ್ಲ್ಯಾಟಿನ ಪೂರ್ವದ ಕಿಟಕಿಗೆ ಒಯ್ದಳು. ಬೋಳು ಕಾಂಡದ ಗಿಡವನ್ನು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. "ಅದು ಇಲ್ಲಿಯೇ ಬೇರು ಬಿಟ್ಟಿದೆ, ಇಲ್ಲಿಯೇ ಇರಲಿ" ಎಂದಳು. ಕುಂಡವನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದಳು, ಇನ್ನೂ ನಾಲ್ಕು ದಿನ ನೀರು ಬೇಡ ಎಂದಳು. ಆಮೇಲೆ ತಕ್ಕಡಿಯಲ್ಲಿ ಇಟ್ಟೆ. ಒಣಗಿದ ತೂಕಕ್ಕಿಂತ ಅರವತ್ತು ಗ್ರಾಂ ಹೆಚ್ಚಿತ್ತು.

2025ರ ಜೂನ್ ಬಂದಾಗ ಸೋಗೆಯ ತಟ್ಟಿಯನ್ನು ಹೊಸದಾಗಿ ಕಟ್ಟಿದೆ. ಆ ಮಳೆಗಾಲ ಆ ಗಿಡಕ್ಕೆ ನಾನು ಹಾಕಿದ ನೀರು ಜುಲೈ 2ರಂದು ಒಂದು ಲೋಟ, ಆಗಸ್ಟ್ 3ರಂದು ಇನ್ನೊಂದು.